ನೂರಕ್ಕೆ ಮೂವತ್ತನಾಲ್ಕು

ನಾನು ಈವರೆಗೆ ಎಣಿಸಿರುವ ಕ್ಯಾನ್ಸರ್ ಕೋಶಗಳನ್ನು ಸಾಲಾಗಿ ನಿಲ್ಲಿಸಿದರೆ ಆ ಸಾಲು ಚಂದ್ರನವರೆಗೆ ಹೋಗಿ, ಅಲ್ಲಿ ಒಂದು ಸುತ್ತು ಹಾಕಿ, ವಾಪಸ್ಸು ಬಂದು ನಮ್ಮ ಸಂಶೋಧನಾಲಯದ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲುತ್ತದೆ. ಮೂವತ್ತು ವರ್ಷ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬಗ್ಗಿ ನನ್ನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯ ಹಾಗಾಗಿದೆ. ನಾನು ಸುಮ್ಮನೆ ಬಾಗಿಲಲ್ಲಿ ಹೋಗಿ ನಿಂತರೂ ಜನ ಏನೋ ಕೇಳಿದೆ ಅಂದುಕೊಂಡು ಉತ್ತರ ಕೊಡಲು ಶುರುಮಾಡುತ್ತಾರೆ.

ಇಂಥ ಮಾತು ನನ್ನ ಬಾಯಿಂದ ಹೊರಬಿದ್ದ ತಕ್ಷಣ ನಮ್ಮ ಅತ್ತೆ, ಅಡುಗೆಮನೆಯಲ್ಲಿರಲಿ ಬಚ್ಚಲಲ್ಲಿರಲಿ, ಅಲ್ಲಿಂದಲೇ "ಹತ್ತರಿಂದ ಭಾಗಿಸು" ಅನ್ನುತ್ತಾರೆ. ಅವರು ನಲವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ನಾನು ಮದುವೆಯಾಗಿ ಬಂದ ಮೊದಲ ವಾರ, ನನ್ನ ಭಾಷಣ ಕೇಳಲು ಸಾವಿರ ಜನ ಬಂದಿದ್ದರು ಅಂತ ಊಟಕ್ಕೆ ಕೂತಾಗ ಹೇಳಿದ್ದೆ. ಅತ್ತೆ ತಟ್ಟೆಯಿಂದ ಕಣ್ಣೆತ್ತದೆ, "ಕುರ್ಚಿ ಎಷ್ಟಿತ್ತಮ್ಮ?" ಅಂದರು. ನೂರು ಅಂದೆ. ಅವತ್ತೇ ಮನೆಯಲ್ಲಿ ಕಾನೂನು ಜಾರಿಯಾಯಿತು. ನಮ್ಮವರು ಒಂದು ದಿನ ಅದನ್ನು ನನ್ನ ಕಚೇರಿಯ ಯಾರೋ ಪುಣ್ಯಾತ್ಮರಿಗೆ ಹೇಳಿದ್ದರಿಂದ ಇವತ್ತು ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ನನ್ನ ಮಾತನ್ನು ಹತ್ತರಿಂದ ಭಾಗಿಸಿಯೇ ಕಿವಿಗೆ ಹಾಕಿಕೊಳ್ಳುತ್ತಾರೆ.

ಭಾಗಿಸಿಕೊಳ್ಳಲಿ, ನನಗೇನು. ನನ್ನ ಬಾಯಿಗೆ ಬೀಗವಿಲ್ಲ ಅಂತ ನಾನೇ ಒಪ್ಪುತ್ತೇನೆ. ಆದರೆ ನನ್ನ ಎಣಿಕೆಯ ಪುಸ್ತಕಕ್ಕೆ ಇದೆ. ಅದರಲ್ಲಿ ಹದಿನೇಳು ಅಂತ ಬರೆದಿದ್ದರೆ ಹದಿನೇಳೇ. ಹದಿನೆಂಟನೆಯದು ಬಂದು ನನ್ನ ಕಾಲು ಹಿಡಿದು ಅತ್ತರೂ ಒಳಗೆ ಬಿಡುವುದಿಲ್ಲ.

ಆ ಪುಸ್ತಕದಲ್ಲಿ ಹದಿನಾರು ವರ್ಷದ ಹಿಂದೆ ನಾನು ಬರೆದ ಒಂದು ಅಂಕಿಯ ಮೇಲೇ ಇಷ್ಟೆಲ್ಲ ರಾದ್ಧಾಂತ ನಡೆದದ್ದು. ವಿಷಯ ಸುಲಭ. ಕೋಶ ಒಡೆದು ಎರಡಾಗುವ ಮುಂಚೆ ತನ್ನೊಳಗಿನ ಡಿಎನ್‌ಎ ಎಂಬ ಉದ್ದನೆಯ ದಾರಕ್ಕೆ ಇನ್ನೊಂದು ನಕಲು ಮಾಡಿಕೊಳ್ಳುತ್ತದೆ. ದಾರ ಎಲ್ಲಾದರೂ ತುಂಡಾಗಿದ್ದರೆ ಬುದ್ಧಿ ಇರುವ ಕೋಶ ಹೊಸ್ತಿಲಲ್ಲೇ ನಿಂತು, ಹರಿದದ್ದನ್ನು ಹೊಲಿದುಕೊಂಡು, ಆಮೇಲೆ ದಾಟುತ್ತದೆ. ಕ್ಯಾನ್ಸರ್ ಕೋಶಕ್ಕೆ ವಿಕಿರಣ ಕೊಡುವುದು ಇದನ್ನೇ ನಂಬಿ: ದಾರವನ್ನು ಹೊಲಿಯಲಾರದಷ್ಟು ಚಿಂದಿ ಮಾಡಿದರೆ ಅದು ನಿಂತಲ್ಲೇ ನಿಂತು ಸಾಯುತ್ತದೆ. ನಾನು ಹೇಳಿದ್ದು, ಎಲ್ಲವೂ ಸಾಯುವುದಿಲ್ಲ. ನೂರರಲ್ಲಿ ಮೂವತ್ತನಾಲ್ಕು ಒಂದು ದಿನ, ಒಂದೂವರೆ ದಿನ ಹೊಸ್ತಿಲಲ್ಲಿ ನಿಂತು, ಕಾವಲಿನವನಿಗೆ ತೂಕಡಿಕೆ ಬಂದ ಹೊತ್ತು ನೋಡಿ, ಹರಿದ ದಾರವನ್ನು ಹಾಗೇ ಮಡಿಲಲ್ಲಿ ಕಟ್ಟಿಕೊಂಡು ದಾಟಿಬಿಡುತ್ತವೆ. ದಾಟಿದ ಗುರುತು ಸ್ಪಷ್ಟ. ಒಂದಿದ್ದದ್ದು ಎರಡಾಗಿರುತ್ತದೆ, ಎರಡರ ಪಕ್ಕದಲ್ಲೂ ಸಾಸಿವೆ ಕಾಳಿನಂಥ ದಾರದ ಚೂರು ಬಿದ್ದಿರುತ್ತದೆ. ವಾಸಿಯಾಯಿತು ಅಂತ ಮನೆಗೆ ಹೋದ ರೋಗಿಯಲ್ಲಿ ಮತ್ತೆ ತಲೆಯೆತ್ತುವುದು ಇವುಗಳ ಸಂತಾನವೇ ಅಂತ ನನ್ನ ವಾದ.

ಹೋದ ವರ್ಷ ಬೇರೆ ಯಾವುದೋ ಪ್ರಯೋಗಾಲಯದವರು ನನ್ನ ಲೇಖನ ಅಚ್ಚಾಗಿದ್ದ ವಿಜ್ಞಾನ ಪತ್ರಿಕೆಗೆ ಬರೆದರು: ನಮಗೆ ಆ ಮೂವತ್ತನಾಲ್ಕು ಸಿಗುತ್ತಿಲ್ಲ. ಪತ್ರಿಕೆಯವರು ನಮ್ಮ ನಿರ್ದೇಶಕರಿಗೆ ಬರೆದರು. ನಿರ್ದೇಶಕರು ಮೂರು ಜನರ ಸಮಿತಿ ಮಾಡಿದರು. ನಮ್ಮಲ್ಲಿ ನಲ್ಲಿ ಸೋರಿದರೂ ಮೂರು ಜನರ ಸಮಿತಿಯೇ.

ಪರೀಕ್ಷೆ ಹೊಸ ಕಟ್ಟಡದ ಕ್ಯಾಮೆರಾ ಕೋಣೆಯಲ್ಲಿ ಅಂತಾಯಿತು. ಆ ಕೋಣೆಯ ಯಜಮಾನ ನನ್ನ ಹಳೆಯ ಶಿಷ್ಯ. ಬಂದ ಹೊಸದರಲ್ಲಿ ಪಿಪೆಟ್ಟನ್ನು ಪೊರಕೆಯ ಹಾಗೆ ಹಿಡಿಯುತ್ತಿದ್ದ. ಈಗ ತಲೆ ಅರ್ಧ ನರೆತಿದೆ, ಕೋಶಗಳ ಸಿನಿಮಾ ತೆಗೆಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಎಲ್ಲರೂ ಅವನನ್ನು ಫಿಲ್ಮು ಅಂತಲೇ ಕರೆಯುತ್ತಾರೆ. ಕೋಶಗಳ ದಾರಕ್ಕೆ ಹೊಳೆಯುವ ಬಣ್ಣ ಅಂಟಿಸಿ, ತಟ್ಟೆಯನ್ನು ಯಂತ್ರದಲ್ಲಿಟ್ಟು, ಇಷ್ಟಿಷ್ಟು ಹೊತ್ತಿಗೆ ಒಮ್ಮೆ ನೀಲಿ ಬೆಳಕು ಮಿಂಚಿಸಿ ಚಿತ್ರ ತೆಗೆಯುವುದು ಅವನ ಕಸುಬು.

ಸಮಿತಿಯ ಮುಂದೆ ಅವನು ವಿನಯದಿಂದಲೇ ಹೇಳಿದ್ದ. "ಹತ್ತು ನಿಮಿಷಕ್ಕೊಂದು ಚಿತ್ರ ಸಾಕು ಮೇಡಂ. ಪ್ರತಿ ಸಲ ಬೆಳಕು ಬಿಡ್ಬೇಕಲ್ಲ, ಕೋಶಕ್ಕೆ ಸುಸ್ತಾಗುತ್ತೆ."

"ಸುಸ್ತಾ? ನನ್ನ ಕೋಶಗಳಿಗಾ?" ನಾನು ಮೇಜು ಕುಟ್ಟಿದೆ. ಆ ಏಟಿಗೆ ಪಕ್ಕದ ಕಟ್ಟಡದಲ್ಲಿ ಭೂಕಂಪ ಅಂತ ಜನ ಹೊರಗೆ ಓಡಿರಬೇಕು. "ಎಕ್ಸ್‌ರೇ ಕುಡಿದು ತೇಗೋ ಜಾತಿ ಕಣಯ್ಯ ಅವು! ನಿನ್ನ ಟಾರ್ಚಿಗೆ ಹೆದರ್ತಾವಾ? ನಿಮಿಷಕ್ಕೊಂದು ತೆಗಿ. ಒಂದು ಕಣ್ಣು ಮಿಟುಕಿಸೋದೂ ತಪ್ಪಬಾರದು. ಆಮೇಲೆ ಯಾರೂ ನಾನು ಏನೋ ಬಚ್ಚಿಟ್ಟೆ ಅನ್ನಬಾರದು."

"ನಿಮಿಷಕ್ಕೊಂದು ಅಂದ್ರೆ..."

"ಬರ್ಕೊಳ್ಳಯ್ಯ. ನಿಮಿಷಕ್ಕೊಂದು."

ಅವನು ನಿರ್ದೇಶಕರ ಮುಖ ನೋಡಿದ. ನಿರ್ದೇಶಕರು ಕೈ ತಿರುಗಿಸಿ, ಅವರಿಷ್ಟ, ಅನ್ನುವ ಹಾಗೆ ಮಾಡಿದರು. ಫಿಲ್ಮು ಎಚ್ಚರದ ಮನುಷ್ಯ. ವಿಕಿರಣ ಬೀಳದ ಕೋಶಗಳ ತಟ್ಟೆಯೊಂದನ್ನೂ ಅದೇ ಬೆಳಕಿನಡಿ ಇಟ್ಟು ನೋಡಿದ. ಅವು ಹಬ್ಬದಂತೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆದವು. ಸರಿ, ಬೆಳಕಿನಿಂದ ತೊಂದರೆಯಿಲ್ಲ ಅಂತ ಅವನೂ ಬರೆದುಕೊಂಡ. ನಾನು ಇಡೀ ಕಾರಿಡಾರಿಗೆ ಕೇಳುವ ಹಾಗೆ ನಕ್ಕೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಿನಿಮಾ ತೋರಿಸಿದರು. ವಿಕಿರಣ ಬಿದ್ದ ತಟ್ಟೆಯ ನಲವತ್ತು ಗಂಟೆಯನ್ನು ನಾಲ್ಕು ನಿಮಿಷಕ್ಕೆ ಹಿಂಡಿದ್ದರು. ತಟ್ಟೆಯಲ್ಲಿ ಮೂರು ಕಡೆ, ಮೂರು ಚೌಕ. ಪರದೆಯ ತುಂಬ ನನ್ನ ಕೋಶಗಳು ಕಪ್ಪು ನೀರಿನಲ್ಲಿ ತೇಲುವ ದೀಪಗಳ ಹಾಗೆ ಹೊಳೆಯುತ್ತಿದ್ದವು. ಅವು ಊದಿದವು. ನಿಂತವು. ಇನ್ನೂ ಊದಿದವು. ನಾನು ಕುರ್ಚಿಯ ತುದಿಯಲ್ಲಿ ಕೂತು ಮನಸ್ಸಿನಲ್ಲೇ ಬೈಯುತ್ತಿದ್ದೆ: ಒಡೀರೋ, ಸೋಮಾರಿಗಳಾ, ಒಡೀರಿ! ಮೂರು ಚೌಕದಲ್ಲಿ ಒಟ್ಟು ಇನ್ನೂರ ಹನ್ನೆರಡು ಕೋಶ. ಒಡೆದದ್ದು ಎರಡು.

ದೀಪ ಹಾಕಿದರು. ಸಮಿತಿಯ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಆ ಕೆಮ್ಮನ್ನು ಅನುಮೋದಿಸಿದರು.

"ಮೇಡಂ," ನಿರ್ದೇಶಕರು ಅಂದರು. ಅವರು ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಕೆಟ್ಟವರಲ್ಲ, ಆದರೆ ಮುಖದಲ್ಲಿ ಸದಾ ರೈಲು ತಪ್ಪಿದವರ ಅವಸರ. "ನಿಮ್ಮ ಮೂವತ್ತನಾಲ್ಕನ್ನ ಹತ್ತರಿಂದ ಭಾಗಿಸಿದ್ರೂ ಮೂರೂಚಿಲ್ಲರೆ ಬರ್ಬೇಕಿತ್ತು. ಅದೂ ಬರ್ಲಿಲ್ಲ."

ಎಲ್ಲರೂ ನಕ್ಕರು.

ನಿರ್ದೇಶಕರು ಒಂದು ಕಾಗದ ಮುಂದಿಟ್ಟರು. ಆಗಲೇ ಟೈಪು ಮಾಡಿಸಿದ್ದರು. 'ನನ್ನ ಲೇಖನದ ತೀರ್ಮಾನ ತಪ್ಪೆಂದು ಕಂಡುಬಂದಿರುವುದರಿಂದ ಅದನ್ನು ಹಿಂತೆಗೆದುಕೊಳ್ಳುತ್ತೇನೆ.' ಕೆಳಗೆ ಸಹಿಗೆ ಜಾಗ. "ಸೋಮವಾರ ಹನ್ನೆರಡರೊಳಗೆ ಕೊಟ್ರೆ ಗೌರವವಾಗಿ ಮುಗಿಯುತ್ತೆ. ನೀವೇ ವಾಪಸ್ ತಗೊಂಡ ಹಾಗಿರುತ್ತೆ. ಇಲ್ಲಾಂದ್ರೆ ಪತ್ರಿಕೆಯವರೇ ಕಿತ್ತು ಹಾಕ್ತಾರೆ, ನಾನೂ ತಡೆಯೋಕಾಗಲ್ಲ."

ಆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅದು ಒಂದು ಕ್ವಿಂಟಾಲು ತೂಗುತ್ತಿತ್ತು. ಬಸ್ಸು ಒಂದು ಕಡೆಗೆ ವಾಲಿತ್ತು ಅಂತ ನನಗೆ ನೆನಪು.

ಅತ್ತೆ ಮೇಜಿನ ಹತ್ತಿರ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನಮ್ಮವರು ಎದುರಿಗೆ ಹೊಲಿಗೆ ಯಂತ್ರವೊಂದರ ಹೊಟ್ಟೆ ಬಿಚ್ಚಿ ಹರಡಿಕೊಂಡಿದ್ದರು. ಅದರ ರಿಪೇರಿ ಅವರ ಕೆಲಸ. ನಾನು ಕಾಗದವನ್ನು ಇಬ್ಬರ ನಡುವೆ ಇಟ್ಟೆ. ನಮ್ಮವರು ಎಣ್ಣೆ ಕೈಯಿಂದ ಮುಟ್ಟದೆ ಬಗ್ಗಿ ಓದಿದರು.

"ಸಹಿ ಹಾಕಿ ಬಿಸಾಕೇ ಅತ್ಲಾಗೆ," ಅಂದರು. "ಎರಡು ವರ್ಷದಲ್ಲಿ ರಿಟೈರಾಗ್ತೀಯ. ಇನ್ಯಾಕೆ ಈ ಜಗಳ?"

"ರಿಟೈರಾಗೋದು ನಾನು, ಕೋಶ ಅಲ್ಲ," ಅಂದೆ. "ನಾನು ಸಹಿ ಹಾಕಿದ ದಿನದಿಂದ ಅವು ನುಸುಳೋದು ನಿಲ್ಸಿಬಿಡ್ತಾವಾ? ಮಾಡೋದು ಮಾಡ್ತಾನೇ ಇರ್ತಾವೆ. ನೋಡೋರು ಇರಲ್ಲ, ಅಷ್ಟೇ."

ಅತ್ತೆ ಸಿನಿಮಾದ ವಿಷಯವನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, "ನೀನು ಎಣಿಸಿದ್ಯಾ?" ಅಂದರು.

"ಕ್ಯಾಮೆರಾ ಎಣಿಸ್ತಲ್ಲ ಅತ್ತೆ."

"ಕ್ಯಾಮೆರಾದ ವಿಷಯ ಕೇಳಲಿಲ್ಲ ನಾನು. ತಟ್ಟೆ ತಗೊಂಡು ನೀನು ಎಣಿಸಿದ್ಯಾ?"

"ಇಲ್ಲ."

"ಮತ್ತೆ ಯಾವ ಲೆಕ್ಕದ ಮೇಲೆ ಅಳ್ತಿದ್ದೀಯ?"

ನಾನು ಅಳುತ್ತಿರಲಿಲ್ಲ. ಕಣ್ಣಿಂದ ಒಂದೆರಡು ಕೊಡ ನೀರು ಬಂದಿತ್ತು, ಅಷ್ಟೇ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತಟ್ಟೆ ಹುಡುಕಿಕೊಂಡು ಹೋದೆ. ಸಿನಿಮಾ ಮುಗಿದ ತಟ್ಟೆಗೆ ಫಾರ್ಮಲಿನ್ ಸುರಿದು ತೊಳೆಯುವ ಕೋಣೆಗೆ ಕಳಿಸುವುದು ನಮ್ಮಲ್ಲಿ ರೂಢಿ. ಫಾರ್ಮಲಿನ್ ಬಿದ್ದ ಕೋಶ ಇದ್ದ ಹಾಗೇ ಕಲ್ಲಾಗಿ ಕೂರುತ್ತದೆ. ತೊಳೆಯುವ ಕೋಣೆ ಗಾಜಕ್ಕನ ಸಾಮ್ರಾಜ್ಯ. ಇಪ್ಪತ್ತೈದು ವರ್ಷದಿಂದ ಇಡೀ ಸಂಸ್ಥೆಯ ಗಾಜು ತೊಳೆದಿರುವ ಹೆಂಗಸು. ಅವರ ಕೈಯಲ್ಲಿ ಬೀಕರು ಒಡೆದದ್ದನ್ನು ನೋಡಿದವರು ಈ ಭೂಮಿಯ ಮೇಲಿಲ್ಲ. ಅವರದ್ದೊಂದು ಪುಸ್ತಕ ಇದೆ. ತಟ್ಟೆಯ ಯಜಮಾನರು ಅದರಲ್ಲಿ ಸಹಿ ಮಾಡುವವರೆಗೆ ಯಾವ ತಟ್ಟೆಯನ್ನೂ ಅವರು ಬ್ಲೀಚಿನ ಬಕೆಟ್ಟಿಗೆ ಹಾಕುವುದಿಲ್ಲ.

"ಗಾಜಕ್ಕ, ಕ್ಯಾಮೆರಾ ಕೋಣೆಯಿಂದ ನಿನ್ನೆ ತಟ್ಟೆ ಬಂತಾ?"

"ಬಂತು ಡಾಕ್ಟ್ರಮ್ಮ. ನಿರ್ದೇಶಕರ ಆಫೀಸಿಂದ ಫೋನ್ ಮಾಡಿ ಎಸೀರಿ ಅಂದ್ರು. ತಟ್ಟೆ ಡಾಕ್ಟ್ರಮ್ಮಂದು, ನಿಮ್ದಲ್ಲ, ಅವರು ಬಂದು ಸಹಿ ಹಾಕ್ಲಿ ಅಂದೆ."

"ಏನಂದ್ರು?"

"ಫೋನ್ ಕುಕ್ಕಿದ್ರು. ಆ ಕಡೆ ಫೋನ್ ಒಡೆದಿದ್ರೆ ನಾನು ಜವಾಬ್ದಾರಿ ಅಲ್ಲ."

ತಟ್ಟೆಯನ್ನು ತಬ್ಬಿಕೊಂಡಂತೆ ಹಿಡಿದು ನನ್ನ ಕೋಣೆಗೆ ತಂದೆ. ನೇರಳೆ ಬಣ್ಣ ಹಾಕಿ, ತೊಳೆದು, ಹಳೆಯ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಅದು ಎಷ್ಟು ಹಳೆಯದೆಂದರೆ ಡೈನೋಸಾರುಗಳು ತಮ್ಮ ಕೋಶಗಳನ್ನು ಇದರಲ್ಲೇ ನೋಡಿಕೊಂಡವು. ಎಣಿಕೆಗೆ ನನ್ನದೊಂದು ಪದ್ಧತಿ ಇದೆ. ತಟ್ಟೆಯ ನಡುವಿನಿಂದ ಶುರುಮಾಡುವುದಿಲ್ಲ, ಚೆನ್ನಾಗಿ ಕಾಣುವ ಕಡೆ ಕಣ್ಣು ಹಾಯಿಸುವುದಿಲ್ಲ. ಅಂಚಿನಿಂದ ಹಿಡಿದು, ಹೊಲ ಉತ್ತ ಹಾಗೆ, ಒಂದು ಸಾಲು ಆ ಕಡೆಗೆ, ಒಂದು ಸಾಲು ಈ ಕಡೆಗೆ. ಎರಡಾದ ಜೋಡಿಯನ್ನು ಒಂದೇ ಎಂದು ಹಿಡಿದು, ಎಷ್ಟು ದಾಟಿವೆ ಎಷ್ಟು ನಿಂತಿವೆ ಅಂತ ಗುರುತು ಹಾಕುತ್ತಾ ಹೋಗುವುದು.

ಮೊದಲ ಸಾಲಿನ ನಾಲ್ಕನೆಯ ಕೋಶವೇ ಎರಡಾಗಿತ್ತು. ಪಕ್ಕದಲ್ಲಿ ಸಾಸಿವೆ.

ನನ್ನ ಕನ್ನಡಕ ತೆಗೆದು ಒರೆಸಿದೆ. ಏಳನೆಯದು. ಸಾಸಿವೆ. ಹತ್ತು, ಹನ್ನೊಂದು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಮೈಕ್ರೋಸ್ಕೋಪು ಅಲುಗಿ ಚಿತ್ರ ಮಸುಕಾಯಿತು. ಇದೇನು, ನಿನ್ನೆ ಎಲ್ಲರ ಎದುರು ಕಲ್ಲಿನಂತೆ ನಿಂತವರು ಇಲ್ಲಿ ಅಂಚಿನಲ್ಲಿ ಸಂಸಾರ ಹೂಡಿದ್ದಾರಲ್ಲ!

ಮೂರನೆಯ ಸಾಲು ಅರ್ಧ ಮುಗಿದಿತ್ತು. ಇದ್ದಕ್ಕಿದ್ದಂತೆ ಜೋಡಿಗಳು ನಿಂತುಹೋದವು. ಎಲ್ಲವೂ ಒಂಟಿ, ಎಲ್ಲವೂ ಊದಿದವು, ಸಿನಿಮಾದಲ್ಲಿ ಕಂಡ ಹಾಗೇ. ಹಾಗೇ ಉಳುತ್ತಾ ಹೋದೆ. ಮತ್ತೆ ಜೋಡಿಗಳು ಬಂದವು. ನಾಲ್ಕನೆಯ ಸಾಲಿನಲ್ಲೂ ಅಷ್ಟೇ ದೂರಕ್ಕೆ ನಿಂತವು, ಅಷ್ಟೇ ದೂರಕ್ಕೆ ಮತ್ತೆ ಶುರುವಾದವು. ಐದನೆಯದರಲ್ಲೂ. ಕಡಿಮೆ ಹಿಗ್ಗಿಸುವ ಮಸೂರ ತಿರುಗಿಸಿ ದೂರದಿಂದ ನೋಡಿದೆ. ನೇರಳೆ ಜನಜಂಗುಳಿಯ ಮಧ್ಯೆ, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ, ಒಂದು ಚೌಕ.

ಕೋಶಗಳಿಗೆ ಮೂಲೆ ಗೊತ್ತಿಲ್ಲ. ಮೂವತ್ತು ವರ್ಷದಲ್ಲಿ ಒಂದು ಕೋಶವೂ ನನಗೆ ಚೌಕ ಬಿಡಿಸಿ ತೋರಿಸಿಲ್ಲ. ಚೌಕ ಬಿಡಿಸುವುದು ಕ್ಯಾಮೆರಾ.

ಇನ್ನೆರಡನ್ನು ಹುಡುಕಿದೆ. ಫಿಲ್ಮು ಬರೆದಿಟ್ಟಿದ್ದ ಅಳತೆ ಹಿಡಿದು ಹೋದರೆ, ಆಯಾ ಜಾಗದಲ್ಲೇ ಎರಡನೆಯದು, ಮೂರನೆಯದು. ಬೆಳಕು ಬಿದ್ದ ಕಡೆ ನಿಂತಿವೆ. ಬೀಳದ ಕಡೆ ದಾಟಿವೆ. ನಲವತ್ತು ಗಂಟೆ, ನಿಮಿಷಕ್ಕೊಂದು, ಎರಡು ಸಾವಿರದ ನಾನೂರು ಮಿಂಚು. ಆ ನೀಲಿ ಬೆಳಕೇ ದಾರವನ್ನು ಕಚ್ಚುತ್ತಿತ್ತು. ಅವು ಹೊಲಿದುಕೊಂಡಷ್ಟೂ ಹರಿಯುತ್ತಿತ್ತು. ಕಾವಲಿನವನಿಗೆ ತೂಕಡಿಸಲು ಪುರುಸೊತ್ತೇ ಇರಲಿಲ್ಲ. ವಿಕಿರಣ ಬೀಳದ ಆರೋಗ್ಯವಂತ ಕೋಶಗಳು ಆ ಕಚ್ಚುವಿಕೆಯನ್ನು ಕೊಡವಿಕೊಂಡಿದ್ದವು. ಮೈಯೆಲ್ಲ ಗಾಯವಾದವುಗಳ ಮೇಲೆ ಅದು ಉಪ್ಪು ಸುರಿದಿತ್ತು. ಅವು ಏನು ಮಾಡುತ್ತವೆ ಅಂತ ನೋಡುವ ಭರದಲ್ಲಿ ನಾವೇ ಅವನ್ನು ಮಾಡದ ಹಾಗೆ ಮಾಡಿದ್ದೆವು.

ನಾವೇನು ಬಂತು. ಹತ್ತು ನಿಮಿಷ ಅಂದವನು ಅವನು. ನಿಮಿಷಕ್ಕೊಂದು ಅಂತ ಮೇಜು ಕುಟ್ಟಿದವಳು ನಾನು.

ಕೈಗಳಿಗೆ ನೇರಳೆ ಬಣ್ಣ ಮೆತ್ತಿತ್ತು. ಆಮೇಲೆ ಗಾಜಕ್ಕನನ್ನು ಕರೆದು, ಏನೂ ಹೇಳದೆ, ನೋಡಿ ಅಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದರು.

"ಅಯ್ಯೋ, ಏನ್ ಡಾಕ್ಟ್ರಮ್ಮ ಇದು? ಬಟ್ಟೆ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಮರೆತ ಹಾಗಿದೆ!"

"ಇಟ್ಟು ಮರೆತದ್ದು ಯಾರು ಗೊತ್ತಾ?"

"ಯಾರು?"

"ನಿಮ್ಮೆದುರಿಗೆ ನಿಂತಿದ್ದಾರೆ."

ಗಾಜಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸದ್ಯ ಬಟ್ಟೆ ಪೂರ್ತಿ ಸುಡಲಿಲ್ಲ," ಅಂದರು.

ಆ ದಿನವೂ ಭಾನುವಾರದ ಬೆಳಗೂ ಕೂತು ಚೌಕಗಳ ಹೊರಗೆ ಸಾವಿರ ಎಣಿಸಿದೆ. ನೂರು ನೂರರ ಹತ್ತು ಗುಂಪು. ಮಧ್ಯಾಹ್ನ ಪುಸ್ತಕ ತಂದು ಅತ್ತೆಯ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಪೆನ್ಸಿಲಿನ ತುದಿ ನಾಲಿಗೆಗೆ ಮುಟ್ಟಿಸಿ, ಹತ್ತೂ ಗುಂಪನ್ನು ಎರಡು ಸಲ ಕೂಡಿದರು.

"ಮುನ್ನೂರ ಹನ್ನೊಂದು. ನೂರಕ್ಕೆ ಮೂವತ್ತೊಂದು." ಪೆನ್ಸಿಲು ಹಾಗೇ ನಿಂತಿತು. "ಇದನ್ನ ಭಾಗಿಸಬೇಕಾ?"

"ಬೇಡ ಅತ್ತೆ."

ಅವರು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ನನಗೆ ಕೊಟ್ಟರು. ನಮ್ಮವರು ಹೊಲಿಗೆ ಯಂತ್ರದ ಮೇಲಿಂದ ತಲೆಯೆತ್ತಿ ನನ್ನನ್ನು ನೋಡಿದರು. ಸಹಿಯ ವಿಷಯ ಮತ್ತೆ ಎತ್ತಲಿಲ್ಲ.

ಸೋಮವಾರ ಹತ್ತೂವರೆಗೆ ನಿರ್ದೇಶಕರ ಕೋಣೆಗೆ ನುಗ್ಗಿದೆ. ನುಗ್ಗಿದೆ ಅಂದರೆ, ಬಾಗಿಲು ತಟ್ಟಿ, ಬನ್ನಿ ಅಂದ ಮೇಲೆ ಹೋದೆ. ಆದರೆ ತಟ್ಟಿದ್ದು ನುಗ್ಗುವ ಹಾಗೇ ಇತ್ತು. ಫಿಲ್ಮು ಅಲ್ಲೇ ಕೂತು ವರದಿಗೆ ಚಿತ್ರ ಜೋಡಿಸುತ್ತಿದ್ದ.

"ಸಹಿ ಆಯ್ತಾ ಮೇಡಂ?" ನಿರ್ದೇಶಕರು ಕೈ ಚಾಚಿದರು.

"ಇಲ್ಲ. ಆಗೋದೂ ಇಲ್ಲ. ಮೂವತ್ತೊಂದಿದೆ."

"ಏನು ಮೂವತ್ತೊಂದು?"

"ದಾಟಿದವು. ನೂರಕ್ಕೆ. ನಿಮ್ಮ ಅದೇ ತಟ್ಟೆಯಲ್ಲಿ."

ಅವರು ಕುರ್ಚಿಗೆ ಒರಗಿದರು. "ಶುಕ್ರವಾರ ಎಲ್ಲರೂ ಕೂತು ನೋಡಿದೀವಲ್ಲ ಮೇಡಂ. ನೂರಕ್ಕೆ ಒಂದು. ಇವತ್ತು ಮೂವತ್ತೊಂದು. ವಾರಾಂತ್ಯದಲ್ಲಿ ಮೂವತ್ತು ಪಟ್ಟು. ನಿಮ್ಮ ದಾಖಲೆ ನೀವೇ ಮುರಿದ್ರಿ."

"ನಗಿ. ನಕ್ಕಾದ ಮೇಲೆ ನನ್ನ ಕೋಣೆಗೆ ಬನ್ನಿ."

"ನಾನು ಸಮಿತಿಗೆ ಆಗ್ಲೇ ಹೇಳಿಬಿಟ್ಟಿದ್ದೀನಿ, ಸಹಿ ಹಾಕ್ತಾರೆ ಅಂತ."

"ಹಾಕ್ಲಿಲ್ಲ ಅಂತ ಇನ್ನೊಂದ್ಸಲ ಹೇಳಿ. ಫೋನ್ ಇದೆಯಲ್ಲ, ಇನ್ನೂ ಒಡೆದಿಲ್ಲ ತಾನೆ?"

ಅವರ ಮುಖ ಕೆಂಪಾಯಿತು. ಫಿಲ್ಮು ಮಾತ್ರ ನನ್ನ ಬೆರಳುಗಳ ನೇರಳೆಯನ್ನೇ ನೋಡುತ್ತಿದ್ದ. ಅವನು ಎಷ್ಟಾದರೂ ನನ್ನ ಶಿಷ್ಯ. ಆ ಬಣ್ಣ ಏನಕ್ಕೆ ಅಂತ ಗೊತ್ತು. "ತಟ್ಟೆ ಇದ್ಯಾ ಮೇಡಂ?" ಅಂತ ಎದ್ದು ನಿಂತ. ಅವನು ಎದ್ದ ಮೇಲೆ ನಿರ್ದೇಶಕರೂ ಏಳಲೇಬೇಕಾಯಿತು.

ನನ್ನ ಕೋಣೆಯಲ್ಲಿ ಫಿಲ್ಮು ಮೊದಲು ಬಗ್ಗಿದ. ತುಂಬ ಹೊತ್ತು ಬಗ್ಗಿಯೇ ಇದ್ದ. ತಟ್ಟೆ ಸರಿಸುವ ತಿರುಪನ್ನು ಮೆಲ್ಲಗೆ ತಿರುಗಿಸುತ್ತಾ ಚೌಕದ ಒಂದು ಅಂಚು ಹಿಡಿದು ನಾಲ್ಕೂ ಮೂಲೆ ಸುತ್ತಿದ. ಆಮೇಲೆ ನನ್ನ ಮುಖ ನೋಡದೆ, "ಹತ್ತು ನಿಮಿಷ ಅಂದಿದ್ದೆ ನಾನು," ಅಂದ.

"ಅಂದಿದ್ದೆ."

"ನೀವು ಕೇಳ್ಲಿಲ್ಲ."

"ಕೇಳ್ಲಿಲ್ಲ ಕಣಯ್ಯ. ತಪ್ಪು ನನ್ನದು. ಎಲ್ಲರೆದುರು ಹೇಳ್ತೀನಿ, ಬೇಕಾದ್ರೆ ಗೇಟಿನ ಮೈಕಲ್ಲಿ ಹೇಳ್ತೀನಿ. ಇಡೀ ಪ್ರಪಂಚದಲ್ಲಿ ತನ್ನದೇ ಪ್ರಯೋಗವನ್ನ ಇಷ್ಟು ಅದ್ಧೂರಿಯಾಗಿ ಕೆಡಿಸಿಕೊಂಡ ವಿಜ್ಞಾನಿ ಇನ್ನೊಬ್ಬಳಿಲ್ಲ. ಆದರೆ ಕೆಟ್ಟದ್ದು ನಿನ್ನ ಸಿನಿಮಾ. ನನ್ನ ಲೇಖನ ಅಲ್ಲ."

"ಬರೀ ಬೆಳಕಲ್ಲಿ ಇಟ್ಟ ತಟ್ಟೆ ಚೆನ್ನಾಗೇ ಒಡೀತಲ್ಲ ಮೇಡಂ?"

"ಅವಕ್ಕೆ ಗಾಯ ಎಲ್ಲಿತ್ತು? ಉಪ್ಪು ಉರಿಯೋಕೆ ಮೊದಲು ಗಾಯ ಬೇಕು. ನೀನು ಗಾಯ ಇಲ್ಲದವರನ್ನ ಕೇಳ್ದೆ, ಅವು ಉರೀಲಿಲ್ಲ ಅಂದ್ವು."

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ಹಾಗಾದ್ರೆ ಇನ್ನೊಂದು ತಟ್ಟೆಗೆ ವಿಕಿರಣ ಕೊಟ್ಟು, ಅರ್ಧಕ್ಕೆ ಬೆಳಕು, ಅರ್ಧ ಕತ್ತಲು. ಬುಧವಾರ ಶುರು ಮಾಡ್ಬಹುದು. ಆಗಲೂ ಹೀಗೇ ಬಂದ್ರೆ ನನ್ನ ಬಾಯಿ ಮುಚ್ಚುತ್ತೆ."

"ಮಾಡು. ಕತ್ತಲ ಕಡೆ ಒಂದೂ ಒಡೀದಿದ್ರೆ ಈ ಕೋಣೆ ಬೀಗದ ಕೈ ನಿನಗೇ ಕೊಡ್ತೀನಿ."

ನಿರ್ದೇಶಕರು ಇಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದರು. ಈಗ ಒಳಗೆ ಬಂದು, ದನಿ ತಗ್ಗಿಸಿ, ರಾಜಿಗೆ ಕೂರುವ ಹಿರಿಯರ ಹಾಗೆ ಅಂದರು: "ನೋಡಿ ಮೇಡಂ, ಹೀಗೆ ಮಾಡೋಣ. ಕ್ಯಾಮೆರಾ ಬೆಳಕಿನದ್ದೇ ತೊಂದರೆ ಅಂತ ನಾನೂ ಒಪ್ತೀನಿ. ಸಮಿತಿಗೆ ಹೇಳ್ತೀನಿ. ಆದರೆ ಹಳೇದು ಮೂವತ್ತನಾಲ್ಕು, ಹೊಸದು ಮೂವತ್ತೊಂದು ಅಂದ್ರೆ ಅವರು ಮತ್ತೆ ಶುರು ಮಾಡ್ತಾರೆ. ಮೂವತ್ತನಾಲ್ಕೇ ಬಂತು ಅಂತ ಬರೀರಿ. ಮೂರರಲ್ಲಿ ಏನಿದೆ? ನೀವು ದಿನಾ ಮಾತಲ್ಲಿ ಸಾವಿರಗಟ್ಟಲೆ ಸೇರಿಸ್ತೀರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿದ್ದ ಸ್ಪಿರಿಟ್ ದೀಪ ತಾನಾಗೇ ಹೊತ್ತಿಕೊಳ್ಳಲಿಲ್ಲವಲ್ಲ, ಅದೇ ಆಶ್ಚರ್ಯ.

"ಮಾತಲ್ಲಿ ಸೇರಿಸ್ತೀನಿ. ಇನ್ನೂ ಸೇರಿಸ್ತೀನಿ, ಸಾಯೋವರೆಗೂ ಸೇರಿಸ್ತೀನಿ. ಅದಕ್ಕೆ ನಿಮ್ಮಪ್ಪಣೆ ಬೇಕಾಗಿಲ್ಲ," ಅಂದೆ. "ಎಣಿಕೆಯ ಪುಸ್ತಕದಲ್ಲಿ ಮಾತ್ರ ಒಂದು ಕೋಶ ಹೆಚ್ಚು ಬರಿಯಲ್ಲ. ಆವತ್ತು ಮೂವತ್ತನಾಲ್ಕಿತ್ತು, ಬರೆದೆ. ಇವತ್ತು ಮೂವತ್ತೊಂದಿದೆ, ಮೂವತ್ತೊಂದೇ ಬರೀತೀನಿ. ಜೀವಂತ ಕೋಶ ಸ್ವಾಮಿ, ಅಚ್ಚು ಹಾಕಿದ ಇಟ್ಟಿಗೆ ಅಲ್ಲ. ಪ್ರತಿ ಸಲ ಮೂವತ್ತನಾಲ್ಕೇ ಬಂದ್ರೆ ಆಗ ನನ್ನ ಮೇಲೆ ಸಮಿತಿ ಮಾಡಿ."

ಫಿಲ್ಮು ನಕ್ಕುಬಿಟ್ಟ, ನಕ್ಕು, ನಿರ್ದೇಶಕರನ್ನು ನೋಡಿ ಕೆಮ್ಮಿದ.

ಚೀಲದಿಂದ ಆ ಟೈಪು ಮಾಡಿದ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಸಹಿಯ ಜಾಗ ಖಾಲಿ ಇತ್ತು. ಅದರ ಜೊತೆಗೆ ನಾನೇ ಕೈಯಲ್ಲಿ ಬರೆದ ಇನ್ನೊಂದು. ಅದರಲ್ಲಿ ಎರಡೇ ವಾಕ್ಯ. 'ನನ್ನ ಲೇಖನವನ್ನು ಹಿಂತೆಗೆದುಕೊಳ್ಳುವುದಿಲ್ಲ. ನಿಮಿಷಕ್ಕೊಂದು ಚಿತ್ರ ತೆಗೆಯಬೇಕೆಂದು ಪರಿಣತರ ಮಾತು ಮೀರಿ ಹಠ ಹಿಡಿದವಳು ನಾನು, ಪರೀಕ್ಷೆ ಕೆಟ್ಟದ್ದು ಅದರಿಂದ.' ಕೆಳಗೆ ಸಹಿ ಹಾಕಿದ್ದೆ, ಎರಡು ಸಾಲು ಉದ್ದಕ್ಕೆ.

ನಿರ್ದೇಶಕರು ಎರಡನ್ನೂ ಓದಿದರು. "ಇದನ್ನ ಕಳಿಸಿದ್ರೆ ಪತ್ರಿಕೆಯವರು ಮೊದಲು ನನ್ನನ್ನೇ ಕೇಳ್ತಾರೆ, ನೀವು ಕಣ್ಣಾರೆ ನೋಡಿದ್ರಾ ಅಂತ. ನಾನು ಏನು ಹೇಳ್ಲಿ?"

"ನಾನು ಹೇಳಿದ್ದನ್ನ ಹೇಳ್ಬೇಡಿ. ನನ್ನ ಮಾತು ಯಾರೂ ನಂಬಲ್ಲ, ನೀವಂತೂ ನಂಬಲ್ಲ." ನನ್ನ ಕುರ್ಚಿ ಎಳೆದು ಅವರ ಮುಂದಿಟ್ಟೆ. "ಕೂತ್ಕೊಳ್ಳಿ. ಎಣಿಸಿ."

"ನಾನಾ? ನಾನು ಕೋಶ ಎಣಿಸಿ ಹದಿನೈದು ವರ್ಷ ಆಯ್ತು ಮೇಡಂ. ಹನ್ನೊಂದಕ್ಕೆ ಮೀಟಿಂಗ್ ಇದೆ."

"ಮೀಟಿಂಗ್ ಕಾಯುತ್ತೆ. ಅಂಚಿಂದ ಶುರು ಮಾಡಿ. ಜೋಡಿ ಅಂದ್ರೆ ಒಂದು. ಪಕ್ಕದಲ್ಲಿ ಸಾಸಿವೆ ಇದ್ದರೇನೇ ದಾಟಿದ ಲೆಕ್ಕ. ಅನುಮಾನ ಬಂದ್ರೆ ಬಿಟ್ಟುಬಿಡಿ, ನನಗೆ ದಾನ ಬೇಡ."

ಅವರು ಕೋಟಿನ ಗುಂಡಿ ಬಿಚ್ಚಿ ಕೂತರು. ಮೊದಲು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ಕೊನೆಗೆ ಎರಡೂ ತೆರೆದು ಬಗ್ಗಿದರು. ಫಿಲ್ಮು ಹಾಳೆ ಹಿಡಿದು ಪಕ್ಕಕ್ಕೆ ನಿಂತ. ನಲವತ್ತಕ್ಕೆ ಬಂದಾಗ ಲೆಕ್ಕ ತಪ್ಪಿತು. ನಾನು ಹೇಳಿಕೊಡಲಿಲ್ಲ. ಅವರು ಬಾಯೊಳಗೇ ಏನೋ ಬೈದುಕೊಂಡು ಅಂಚಿಗೆ ವಾಪಸ್ಸು ಹೋದರು. ಈ ಸಲ ಜೋರಾಗಿ ಎಣಿಸತೊಡಗಿದರು: "ನಿಂತಿದೆ, ನಿಂತಿದೆ, ದಾಟಿದೆ, ನಿಂತಿದೆ..." ಮೀಟಿಂಗಿಗೆ ಕರೆಯಲು ಬಂದ ಗುಮಾಸ್ತ ಬಾಗಿಲಲ್ಲಿ ಇಣುಕಿ, ನಿರ್ದೇಶಕರ ಬೆನ್ನು ನೋಡಿ, ಸದ್ದಿಲ್ಲದೆ ಹೊರಟುಹೋದ. ಅರುವತ್ತು ದಾಟಿದ ಮೇಲೆ ಅವರ ದನಿ ಬದಲಾಯಿತು. "ಅರೆ," ಅಂದರು ಒಂದು ಕಡೆ, ತಮಗೆ ತಾವೇ. "ದಾಟಿದೆ. ಇದೂ ದಾಟಿದೆ. ಅರೆ, ಚೂರು ನೋಡಿ ಹೇಗಿದೆ..."

ನೂರಾದ ಮೇಲೆ ತಲೆಯೆತ್ತಿದರು. ಕಣ್ಣ ಸುತ್ತ ಮೈಕ್ರೋಸ್ಕೋಪಿನ ಎರಡು ಉಂಗುರ ಮೂಡಿತ್ತು.

"ಎಷ್ಟು?" ಅಂತ ಫಿಲ್ಮನ್ನು ಕೇಳಿದರು.

ಅವನು ಹಾಳೆ ನೋಡಿದ. "ಇಪ್ಪತ್ತೊಂಬತ್ತು ಸರ್."

ಅವರು ನನ್ನ ಕಡೆ ತಿರುಗಿದರು. ನಾನು ಕೇಕೆ ಹಾಕುತ್ತೇನೆ, ಕುಣಿಯುತ್ತೇನೆ, ಇಪ್ಪತ್ತೊಂಬತ್ತನ್ನು ಇಪ್ಪತ್ತೊಂಬತ್ತು ಲಕ್ಷ ಮಾಡುತ್ತೇನೆ ಅಂದುಕೊಂಡಿರಬೇಕು.

"ನೂರೇ ಆಗಿದ್ದು," ಅಂದೆ. "ಮುಂದಿನ ಸಾಲಿಗೆ ಹೋಗಿ."